ಚಂದ್ರನ ಮ್ಯಾಲ ಮನಿ ಜಾಗಾ

1993 ಸೆಪ್ಟೆಂಬರ್ 30ರ ನಸುಕು. ಹಿಂದಿನ ರಾತ್ರಿ ಗಣಪತಿ ಕಳಿಸಿ, ಪದಾ ಹಾಡಿ ದಣಿದು ಮಲಗಿದ್ದೆ. ನಾಲ್ಕು ಗಂಟೆ ಆಗೋ ಮೊದಲೇ ಭೂಮಿ ನಡುಗಿತು. ಹೊರಗ ಓಡಿ ಬಂದರ ಚಂದ್ರ ಪಡುವಣಕ್ಕ ಇಳಿದಿದ್ದ. ಕಿಲ್ಲಾರಿ, ಸಾಸ್ತೂರ ನೆಲಸಮ ಆಗಿದ್ದು ಬೆಳಗಾದ ಮ್ಯಾಲ ತಿಳೀತು. ಸತ್ತವರು ಸರಕಾರಿ ಲೆಕ್ಕದಾಗ ಸುಮಾರು 8,000 ಮಂದಿ. ಕಲ್ಲು-ಮಣ್ಣಿನ ದಪ್ಪ ಗ್ವಾಡಿ, ಮಾಳಿಗಿ ಮ್ಯಾಲಿನ ಮಣ್ಣಿನ ಭಾರ, ಅದೇ ಮಂದೀನ ಕೊಂದಿತು.

ಮುಂದ 52 ಹಳ್ಳಿಗಳನ್ನ ಹೊಸ ಜಾಗಾಕ್ಕ ಸಾಗಿಸಿದರು. ನೆಲ ಗಟ್ಟಿ ಅದ ಏನು, ನೀರು ಸಿಗತದ ಏನು, ಹೊಲ ಎಷ್ಟು ದೂರ ಆಗತದ ಅಂತ ಹಿರಿಯರು ಗಿಡದ ನೆರಳಾಗ ಕೂತು ವಾದ ಮಾಡಿದ್ದು ನನಗ ನೆನಪದ. ಹೊಲ ದೂರ ಆತು ಅನ್ನೋ ಗೋಳು ಇನ್ನೂ ಮುಗಿದಿಲ್ಲ.

ಈಗ ಅದೇ ವಾದ ಚಂದ್ರನ ಮ್ಯಾಲ ನಡದದ. ನಾವು ಹಾಡಿನಾಗ ಚಂದ್ರನ್ನ ತಂಪು ಅಂತೀವಿ. ಖರೇ ನೋಡಿದರ ಅಲ್ಲಿ ನಡುಭಾಗದಾಗ ಹಗಲು 100 ಡಿಗ್ರಿ ದಾಟತದ, ರಾತ್ರಿ ಸೊನ್ನೆಗಿಂತ 100 ಡಿಗ್ರಿಗೂ ಕೆಳಗ ಇಳೀತದ. ಒಂದು ರಾತ್ರಿ ಅಂದರ ನಮ್ಮ 14 ದಿನ! ಅದಕ್ಕ ಎಲ್ಲರ ಕಣ್ಣು ದಕ್ಷಿಣ ಧ್ರುವದ ಮ್ಯಾಲ. ಅಲ್ಲಿ ಕೆಲವು ದಿಬ್ಬಕ್ಕ ವರ್ಷದ ಬಹಳಷ್ಟು ದಿನ ಬಿಸಿಲು ಬೀಳತದ. ಬಾಜೂಕಿನ ಆಳವಾದ ತಗ್ಗಿನಾಗ ಬಿಸಿಲು ಎಂದೂ ಇಳಿಯೂದಿಲ್ಲ, ಅಲ್ಲಿ ನೀರು ಹಿಮ ಆಗಿ ಕೂತದ. ಚಂದ್ರನ ಮಣ್ಣಿನಾಗ ನೀರಿನ ಅಂಶ ಅದ ಅಂತ ತೋರಿಸಿಕೊಟ್ಟವರಾಗ 2008ರಾಗ ಹೋದ ನಮ್ಮ ಚಂದ್ರಯಾನವೂ ಒಂದು.

2019ರಾಗ ಎರಡನೇ ಚಂದ್ರಯಾನದ ಇಳಿಯೋ ನೌಕೆ ಬಿದ್ದು ಒಡೀತು. ಅದಕ್ಕ ಗೊತ್ತು ಮಾಡಿದ್ದ ಜಾಗಾ 500 ಮೀಟರ ಉದ್ದ, ಅಷ್ಟೇ ಅಗಲ. ಬೆಂಗಳೂರಿನ ಇಸ್ರೋದವರು ಮುಂದಿನ ಸಲ ಅದನ್ನ 4 ಕಿಲೋಮೀಟರ ಉದ್ದ, 2.4 ಕಿಲೋಮೀಟರ ಅಗಲಕ್ಕ ಹಿಗ್ಗಿಸಿದರು. 2023 ಆಗಸ್ಟ್ 23ಕ್ಕ ನೌಕೆ ಸುರಕ್ಷಿತ ಇಳೀತು. ಅದು ಧ್ರುವ ಅಲ್ಲ, ಧ್ರುವದ ಕಡೀಗಿನ ಸೀಮಿ. ಅಮೆರಿಕದವರು ಮನುಷ್ಯರನ್ನ ಇಳಸಲಿಕ್ಕೆ 2022ರಾಗ 13 ಜಾಗಾ ನೋಡಿದ್ದರು, 2024ರಾಗ 9 ಅಂದರು. ಸೋಯರಿಕಿ ನೋಡಿದಾಂಗ ಆತು.

ಒಂದು ಮಾತು ಓದಿ ನನಗ ನಿದ್ದಿ ಬರಲಿಲ್ಲ. ಸೂರ್ಯನ ಕೆಟ್ಟ ಕಿರಣ, ಸಿಡಿದು ಬರೋ ಕಲ್ಲು ತಡಿಯಲಿಕ್ಕೆ ಅಲ್ಲಿನ ಮನಿ ಮ್ಯಾಲ ಚಂದ್ರನ ಮಣ್ಣು ದಪ್ಪಗ ಹೊದಿಸೋ ವಿಚಾರ ಅದ ಅಂತ. ಮತ್ತ ಮಣ್ಣಿನ ಮಾಳಿಗಿ! ಅಲ್ಲಿ ಭಾರ ಇಲ್ಲಿಯ ಆರನೇ ಪಾಲು ಅನ್ನೂದು ಸಮಾಧಾನ. ಆದರ ಚಂದ್ರನೂ ನಡಗತಾನ, ಕೆಲವು ಸಲ ಹತ್ತು ನಿಮಿಷದ ತನಕ. ಗ್ವಾಡಿ ಹ್ಯಾಂಗ ಕಟ್ಟತಾರ ಅನ್ನೂದನ್ನ ನಾ ಇನ್ನೂ ಓದಬೇಕು.