ಕಂದಕಗಳ ಹಿಂದಿನ ಗೋಲಂದಾಜರು

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧವೆಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರವಾವುದು? ಕೆಸರು ತುಂಬಿದ ಕಂದಕ, ಅದರ ಮುಂದೆ ಮುಳ್ಳುತಂತಿಯ ಬೇಲಿ, ಬಂದೂಕು ಹಿಡಿದು ಬೆಳಗಿಗಾಗಿ ಕಾದು ನಿಂತ ಕಾಲಾಳು, ಅಲ್ಲವೆ? ಆ ಚಿತ್ರ ಸುಳ್ಳಲ್ಲ. ಆದರೆ ಪೂರ್ಣವಾದುದೂ ಅಲ್ಲ. ಆ ಕಾಲಾಳಿನ ಬೆನ್ನ ಹಿಂದೆ, ಒಂದೆರಡು ಮೈಲಿಗಳಾಚೆ, ಯಾವುದೋ ತೋಟದ ಮರೆಯಲ್ಲಿ ಇನ್ನೊಬ್ಬ ಸೈನಿಕನಿದ್ದನು. ಅವನು ಶತ್ರುವಿನ ಮುಖವನ್ನು ಕಾಣುತ್ತಿದ್ದುದು ತೀರ ಅಪರೂಪ. ಆದರೂ ಆ ಯುದ್ಧದಲ್ಲಿ ಸತ್ತವರು ಮತ್ತು ಗಾಯಗೊಂಡವರಲ್ಲಿ ನೂರಕ್ಕೆ ಸುಮಾರು 60 ಮಂದಿ ತೋಪಿನ ಗುಂಡುಗಳಿಗೆ ತುತ್ತಾದವರೆಂದು ಅಂದಾಜಿದೆ. ತೋಪು ಹಾರಿಸುವ ಈ ಸೈನಿಕನನ್ನು ನಮ್ಮ ಹಿಂದಿನವರು ಗೋಲಂದಾಜನೆಂದು ಕರೆಯುತ್ತಿದ್ದರು. ಅವನ ಕೆಲಸವೇನು, ಅದನ್ನು ಅವನು ಎಷ್ಟು ಬೆಲೆ ತೆತ್ತು ಕಲಿತನು ಎಂಬುದನ್ನು ಇಲ್ಲಿ ನೋಡೋಣ.

ಯುದ್ಧದ ಮೊದಲ ವಾರಗಳಲ್ಲಿ ತೋಪುಗಳು ಅನೇಕ ಕಡೆ ಬಯಲಿನಲ್ಲಿಯೇ ನಿಂತು, ಎದುರಿಗೆ ಕಾಣುವ ಶತ್ರುವಿನ ಮೇಲೆ ಗುಂಡು ಹಾರಿಸಿದವು. 1914ರ ಕೊನೆಯ ಹೊತ್ತಿಗೆ ಸ್ವಿಟ್ಸರ್ಲೆಂಡಿನ ಗಡಿಯಿಂದ ಉತ್ತರ ಸಮುದ್ರದವರೆಗೂ ಕಂದಕಗಳ ಸಾಲು ಎದ್ದಿತು. ನೆಲದೊಳಗೆ ಇಳಿದು ಕುಳಿತವನಿಗೆ ಬಂದೂಕಿನ ನೇರ ಗುಂಡು ತಾಗುವುದು ಕಷ್ಟ. ಅವನನ್ನು ಮುಟ್ಟಬೇಕಾದರೆ ಗುಂಡು ಮೇಲೇರಿ ತಲೆಯ ಮೇಲಿನಿಂದ ಇಳಿಯಬೇಕು. ಹೀಗೆ ಯುದ್ಧದ ಭಾರವೆಲ್ಲ ತೋಪುಗಳ ಮೇಲೆ ಬಿದ್ದಿತು. ಬಯಲಿನಲ್ಲಿ ನಿಂತ ತೋಪು ಉಳಿಯುವಂತಿರಲಿಲ್ಲವಾದ್ದರಿಂದ ಅದೂ ಮರೆಗೆ ಸರಿಯಿತು. ಶತ್ರು ಕಾಣದು, ಗುರಿ ಕಾಣದು, ಹೊಡೆಯುವುದಂತೂ ತಪ್ಪದು.

ಬ್ರಿಟಿಷರ ಹದಿನೆಂಟು ಪೌಂಡಿನ ತೋಪನ್ನು ನೋಡೋಣ. ಅದನ್ನು ಎಳೆಯಲು ಆರು ಕುದುರೆಗಳು, ಹಾರಿಸಲು ಆರು ಮಂದಿ. ಒಬ್ಬನು ಅಪ್ಪಣೆ ಕೊಡುವವನು, ಒಬ್ಬನು ಹಿಂಬಾಗಿಲನ್ನು ತೆರೆದು ಮುಚ್ಚುವವನು, ಒಬ್ಬನು ಗುರಿ ಹೊಂದಿಸುವವನು, ಒಬ್ಬನು ಗುಂಡು ತುಂಬುವವನು, ಇನ್ನಿಬ್ಬರು ಗುಂಡುಗಳನ್ನು ಸಿದ್ಧಪಡಿಸಿ ಒದಗಿಸುವವರು. ಗುರಿ ಹೊಂದಿಸುವವನು ನೋಡುತ್ತಿದ್ದುದು ಶತ್ರುವನ್ನಲ್ಲ, ಹತ್ತಿರ ನೆಟ್ಟ ಒಂದು ಗೂಟವನ್ನು. ಆ ಗೂಟದಿಂದ ಇಷ್ಟು ಅಂಶ ಬಲಕ್ಕೆ, ಇಷ್ಟು ಗಜ ದೂರಕ್ಕೆ ಎಂಬ ಲೆಕ್ಕ ಟೆಲಿಫೋನಿನಲ್ಲಿ ಬರುತ್ತಿತ್ತು. ಅದನ್ನು ಹೇಳುವ ಅಧಿಕಾರಿ ಮುಂದಿನ ಕಂದಕದಲ್ಲಿ ದುರ್ಬೀನು ಹಿಡಿದು ಕುಳಿತಿರುತ್ತಿದ್ದನು. ಇಬ್ಬರ ನಡುವೆ ಇದ್ದುದು ನೆಲದ ಮೇಲೆ ಎಳೆದ ತಂತಿ. ಶತ್ರುವಿನ ಗುಂಡಿಗೆ ಅದು ತುಂಡಾದಾಗಲೆಲ್ಲ ಅದೇ ಗುಂಡುಗಳ ನಡುವೆ ಒಬ್ಬನು ತೆವಳಿಕೊಂಡು ಹೋಗಿ ಗಂಟು ಹಾಕಿ ಬರಬೇಕು. ಅದು ಸಂಕೇತದಳದವನ ಕೆಲಸ.

ಈ ಏರ್ಪಾಡಿನಲ್ಲಿ ಸಣ್ಣದೊಂದು ಕೊರತೆ ಎಷ್ಟು ಜೀವಗಳನ್ನು ತೆಗೆಯಬಲ್ಲದೆಂಬುದು ಫ್ರಾನ್ಸಿನ ನ್ಯೂವ್ ಶಾಪೆಲ್ ಗ್ರಾಮದಲ್ಲಿ ಗೊತ್ತಾಯಿತು. 1915ರ ಮಾರ್ಚ್ 10ರಂದು ಬೆಳಿಗ್ಗೆ ಏಳೂವರೆಗೆ ಸುಮಾರು 340 ತೋಪುಗಳು ಒಟ್ಟಿಗೆ ಗರ್ಜಿಸಿದವು. 35 ನಿಮಿಷಗಳಾದ ಮೇಲೆ ಕಾಲಾಳುಗಳು ಕಂದಕದಿಂದೆದ್ದರು. ಅವರಲ್ಲಿ ನಮ್ಮ ದೇಶದ ಮೀರತ್ ಡಿವಿಷನ್ನಿನ ಗಢವಾಲಿ ಸೈನಿಕರೂ ಇದ್ದರು. ತಂತಿಬೇಲಿ ಕತ್ತರಿಸಿಹೋಗಿದ್ದ ಕಡೆಗಳಲ್ಲಿ ಅವರು ಶತ್ರುವಿನ ಕಂದಕಕ್ಕೆ ನುಗ್ಗಿದರು. ಗ್ರಾಮವೂ ಆ ಬೆಳಿಗ್ಗೆಯೇ ಕೈಸೇರಿತು. ಆದರೆ ಎಡಗಡೆಯ ಒಂದು ಭಾಗಕ್ಕೆಂದು ಗೊತ್ತುಮಾಡಿದ್ದ ಎರಡು ಬ್ಯಾಟರಿಗಳು ಇಂಗ್ಲೆಂಡಿನಿಂದ ಬಂದು ಸೇರಿದ್ದು ಹಿಂದಿನ ದಿನ ಮಧ್ಯಾಹ್ನ. ದೂರವನ್ನು ಪರೀಕ್ಷಿಸಿ ನೋಡಲು ಅವಕ್ಕೆ ವೇಳೆಯೇ ಸಿಗಲಿಲ್ಲ. ಅಲ್ಲಿ ಬೇಲಿ ಹಾಗೆಯೇ ನಿಂತಿತ್ತು. ಮಿಡ್ಲ್‌ಸೆಕ್ಸ್ ಮತ್ತು ಸ್ಕಾಟಿಷ್ ರೈಫಲ್ಸ್ ದಳಗಳವರು ಆ ಬೇಲಿಯ ಮುಂದೆ ಮೆಷಿನ್‌ಗನ್ನುಗಳಿಗೆ ಸಾಲುಸಾಲಾಗಿ ಉರುಳಿದರು. ಅವರ ಧೈರ್ಯದಲ್ಲಿ ಕೊರತೆಯಿರಲಿಲ್ಲ. ಕೊರತೆಯಾದದ್ದು ಗೋಲಂದಾಜನಿಗೆ ಬೇಕಾಗಿದ್ದ ಒಂದು ದಿನದ ಅವಕಾಶ.

ಮೂರು ದಿನಗಳ ಆ ಕಾಳಗದಲ್ಲಿ ಸತ್ತು, ಗಾಯಗೊಂಡು, ಕಾಣೆಯಾದ ಭಾರತೀಯರೇ ಸುಮಾರು 4,200 ಮಂದಿ. ಇಲ್ಲಿ ಇನ್ನೊಂದು ಮಾತನ್ನು ನೀವು ಗಮನಿಸಬೇಕು. ನಮ್ಮ ಕಾಲಾಳುಗಳು ಅಲ್ಲಿ ಪ್ರಾಣ ಕೊಟ್ಟರು. ಅವರ ಬೆನ್ನಿಗಿದ್ದ ಮೈದಾನದ ತೋಪುಗಳನ್ನು ಹಾರಿಸಿದವರು ಬ್ರಿಟಿಷರು. 1857ರ ದಂಗೆಯ ಅನಂತರ ತೋಪುಗಳನ್ನು ಭಾರತೀಯರ ಕೈಗೆ ಕೊಡಬಾರದೆಂಬುದು ಸರ್ಕಾರದ ನೀತಿಯಾಗಿತ್ತು. ಹೇಸರಗತ್ತೆಗಳ ಮೇಲೆ ಹೊತ್ತೊಯ್ಯುವ ಪರ್ವತ ತೋಪುಗಳು ಮಾತ್ರ ಇದಕ್ಕೆ ಅಪವಾದ. ಅಂಥ ಬ್ಯಾಟರಿಗಳ ಭಾರತೀಯ ಗೋಲಂದಾಜರು ಅದೇ ವರ್ಷದ ಏಪ್ರಿಲಿನಲ್ಲಿ ಗಾಲಿಪೋಲಿಯ ಕಡಿದಾದ ದಂಡೆಯನ್ನೇರಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಸೈನಿಕರಿಗೆ ಒತ್ತಾಸೆಯಾಗಿ ನಿಂತರು.

ನ್ಯೂವ್ ಶಾಪೆಲ್‌ನಿಂದ ಸೇನಾಪತಿಗಳು ಕಲಿತ ಮೊದಲ ಪಾಠ ಸುಲಭವಾದುದು: ಇನ್ನೂ ಹೆಚ್ಚು ತೋಪು, ಇನ್ನೂ ಹೆಚ್ಚು ಗುಂಡು. 1916ರಲ್ಲಿ ಸೊಮ್ ನದಿಯ ರಂಗದಲ್ಲಿ ಏಳು ದಿನ ಎಡೆಬಿಡದೆ 15 ಲಕ್ಷಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದರು. ಆದರೆ ಆತುರದಲ್ಲಿ ತಯಾರಾದ ಗುಂಡುಗಳಲ್ಲಿ ಎಷ್ಟೋ ಸಿಡಿಯಲೇ ಇಲ್ಲ. ಸಿಡಿದವುಗಳಲ್ಲಿ ಬಹುಪಾಲು ಸಣ್ಣ ಸೀಸದ ಗೋಲಿಗಳನ್ನು ಚೆಲ್ಲುವಂಥವು. ಅವು ತಂತಿಯನ್ನು ಕಡಿಯಬೇಕಾದರೆ ನೆಲದಿಂದ ಸರಿಯಾದ ಎತ್ತರದಲ್ಲಿಯೇ ಒಡೆಯಬೇಕು. ಮೂವತ್ತು ಅಡಿ ಆಳದ ನೆಲಮನೆಗಳನ್ನಂತೂ ಅವು ಏನೂ ಮಾಡಲಾರವು. ಜುಲೈ 1ರ ಬೆಳಿಗ್ಗೆ ಸದ್ದು ಮುಂದಕ್ಕೆ ಸರಿದೊಡನೆ ಜರ್ಮನರು ಮೇಲೆ ಬಂದು ಮೆಷಿನ್‌ಗನ್ ಹೂಡಿದರು. ಆ ಒಂದೇ ದಿನ ಬ್ರಿಟಿಷ್ ಸೈನ್ಯಕ್ಕಾದ ನಷ್ಟ 57,470 ಮಂದಿ. ಅವರಲ್ಲಿ ಸತ್ತವರು 19,240.

ಎರಡನೆಯ ಪಾಠ ಕಷ್ಟದ್ದು: ಗುಂಡಿನ ಸಂಖ್ಯೆಗಿಂತ ಅದು ಬೀಳುವ ಸ್ಥಳವೂ ಹೊತ್ತೂ ಮುಖ್ಯ. ಇದಕ್ಕೆ ವಿಜ್ಞಾನ ನೆರವಿಗೆ ಬಂದಿತು. ರೇಡಿಯೋ ಕೇಳುವ ನಿಮಗೆ ಈ ಭಾಗ ಹೆಚ್ಚು ಹಿಡಿಸೀತು. 1915ರಿಂದ ವಿಮಾನಗಳು ನಿಸ್ತಂತು ಯಂತ್ರವನ್ನು ಹೊತ್ತು ಹಾರಿ, ಗುಂಡು ಎಲ್ಲಿ ಬಿದ್ದಿತೆಂಬುದನ್ನು ಮೋರ್ಸ್ ಸಂಕೇತದಲ್ಲಿ ಕೆಳಗೆ ತಿಳಿಸತೊಡಗಿದವು. ಗುರಿಯನ್ನು ಗಡಿಯಾರದ ನಡುವೆಂದು ಭಾವಿಸಿ, ದಿಕ್ಕಿಗೆ ಗಂಟೆಯ ಅಂಕಿ, ದೂರಕ್ಕೆ ಒಂದು ಅಕ್ಷರ. 'ಬಿ 3' ಎಂದರೆ ಗುಂಡು ಮೂರು ಗಂಟೆಯ ದಿಕ್ಕಿನಲ್ಲಿ ನೂರು ಗಜದೊಳಗೆ ಬಿದ್ದಿದೆ ಎಂದು ಅರ್ಥ. ಕೆಳಗಿನವರು ಉತ್ತರ ಕೊಡಲು ನೆಲದ ಮೇಲೆ ಬಟ್ಟೆಯ ಪಟ್ಟಿಗಳನ್ನು ಹಾಸುತ್ತಿದ್ದರು.

ಮರೆಯಲ್ಲಿರುವ ಶತ್ರುವಿನ ತೋಪನ್ನು ಕಿವಿಯಿಂದ ಹಿಡಿಯುವ ಉಪಾಯವನ್ನು ಬ್ರಿಟಿಷ್ ಸೈನ್ಯದಲ್ಲಿ ಬೆಳೆಸಿದವನು ಲಾರೆನ್ಸ್ ಬ್ರಾಗ್. ತಂದೆಯೊಡನೆ 1915ರ ನೊಬೆಲ್ ಬಹುಮಾನ ಪಡೆದಾಗ ಅವನಿಗೆ 25 ವರ್ಷ. ಆಗ ಅವನು ಯುದ್ಧರಂಗದಲ್ಲಿದ್ದನು. ಅಲ್ಲಲ್ಲಿ ಇರಿಸಿದ ಹಲವು ಮೈಕ್ರೋಫೋನುಗಳನ್ನು ಒಂದು ತೋಪಿನ ಸದ್ದು ಬೇರೆ ಬೇರೆ ಕ್ಷಣಗಳಲ್ಲಿ ಮುಟ್ಟುತ್ತದೆ. ಆ ವ್ಯತ್ಯಾಸವನ್ನು ಅಳೆದರೆ ತೋಪಿರುವ ಸ್ಥಳ ತಿಳಿಯುತ್ತದೆ. ತೊಡಕೆಂದರೆ, ಹಾರುವ ಗುಂಡಿನ ಚಟಾರೆಂಬ ಸದ್ದಿನಲ್ಲಿ ತೋಪಿನ ಮಂದ್ರವಾದ ಸದ್ದು ಮುಳುಗಿಹೋಗುತ್ತಿತ್ತು. ಅವನ ಸಹಾಯಕ ಟಕ್ಕರ್ ಎಂಬ ಕಾರ್ಪೊರಲ್, ದೂರದ ತೋಪು ಹಾರಿದಾಗಲೆಲ್ಲ ತನ್ನ ಗುಡಿಸಲ ಗೋಡೆಯ ತೂತಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಸೋಕುವುದನ್ನು ಗಮನಿಸಿದನು. ಆ ಗಾಳಿಗೆ ತಣ್ಣಗಾಗುವ ಕಾದ ಸಣ್ಣ ತಂತಿಯನ್ನು ಹೂಡಿ ಅವನು ಮಾಡಿದ ಮೈಕ್ರೋಫೋನಿಗೆ ಮಂದ್ರಸ್ವರ ಮಾತ್ರ ಕೇಳಿಸುತ್ತಿತ್ತು.

ಇವೆಲ್ಲದರ ಫಲ 1917ರ ಏಪ್ರಿಲ್ 9ರಂದು ವಿಮಿ ದಿಣ್ಣೆಯಲ್ಲಿ ಕಂಡಿತು. ಕೆನಡದ ಸೈನ್ಯ ಅದನ್ನೇರುವ ಮೊದಲೇ ಶತ್ರುವಿನ ತೋಪುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚಿನವುಗಳ ಸ್ಥಳ ಗೊತ್ತಾಗಿತ್ತು. ಕಾಲಾಳುಗಳ ಮುಂದೆ ಗುಂಡುಗಳ ತೆರೆಯೊಂದು ಮೂರು ನಿಮಿಷಕ್ಕೆ ನೂರು ಗಜದಂತೆ ಸರಿಯಿತು. ಅವರು ಅದರ ಹಿಂದೆಯೇ ನಡೆದರು. ಬೆನ್ನ ಹಿಂದಿನಿಂದ ಬಂದ ಗುಂಡು ಕೆಲವೇ ಗಜಗಳ ಮುಂದೆ ಸಿಡಿಯುತ್ತಿರುವಾಗ ಹೆಜ್ಜೆ ಇಡುವುದನ್ನು ಒಂದು ಕ್ಷಣ ಊಹಿಸಿಕೊಳ್ಳಿ. ತೋಪಿನ ನಳಿಗೆ ಸವೆದಿದ್ದರೆ ಗುಂಡು ಹತ್ತಿರ ಬೀಳುತ್ತದೆ. ಎದುರುಗಾಳಿ ಬೀಸಿದರೆ ಹತ್ತಿರ ಬೀಳುತ್ತದೆ. ಮದ್ದು ತಣ್ಣಗಿದ್ದರೂ ಹತ್ತಿರ ಬೀಳುತ್ತದೆ. ಹಾಗೆ ಬಿದ್ದಾಗ ಸಾಯುವವರು ತಮ್ಮವರೇ. ಗೋಲಂದಾಜನ ಲೆಕ್ಕ ತಪ್ಪದೆಂಬ ನಂಬಿಕೆಯೊಂದೇ ಕಾಲಾಳಿಗೆ ಆಸರೆ. ಅದೇ ವರ್ಷ ನವೆಂಬರ್ 20ರಂದು ಕಾಂಬ್ರೇ ಬಳಿ ಈ ಲೆಕ್ಕಗಳನ್ನೆಲ್ಲ ಮುಂಚೆಯೇ ಮಾಡಿಟ್ಟುಕೊಂಡು, ಪರೀಕ್ಷೆಗೆಂದು ಗುಂಡು ಹಾರಿಸದೆ, ಸುಮಾರು ಸಾವಿರ ತೋಪುಗಳು ಒಮ್ಮೆಗೇ ಹಾರಿದವು. ಶತ್ರುವಿಗೆ ಮುನ್ಸೂಚನೆ ಸಿಗಲಿಲ್ಲ. ಆ ದಿನದ ಕೀರ್ತಿಯೆಲ್ಲ ಟ್ಯಾಂಕುಗಳಿಗೆ ಸಂದಿತು. ಅದರಲ್ಲಿ ಪಾಲು ಗೋಲಂದಾಜರಿಗೂ ಇದೆ. ಜರ್ಮನರೂ ಈ ವಿದ್ಯೆಯಲ್ಲಿ ಹಿಂದುಳಿಯಲಿಲ್ಲ. 1918ರ ಮಾರ್ಚ್ 21ರಂದು ಅವರು ಐದೇ ಗಂಟೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗುಂಡುಗಳನ್ನು ಸುರಿದರು.

ಹಿಂದೆ ನಿಂತವನು ಸುರಕ್ಷಿತನಾಗಿದ್ದನೆಂದು ತಿಳಿಯಬೇಡಿ. ಅವನು ಶತ್ರುವಿನ ತೋಪನ್ನು ಹುಡುಕುತ್ತಿದ್ದಂತೆ ಶತ್ರುವೂ ಅವನನ್ನು ಹುಡುಕುತ್ತಿದ್ದನು. ವಿಷಾನಿಲ ಸುತ್ತುವರಿದಾಗಲೂ ಮುಸುಕು ಹಾಕಿಕೊಂಡು ಅವನು ಗುಂಡು ತುಂಬಬೇಕಾಗಿತ್ತು. ಲಂಡನ್ನಿನ ಹೈಡ್ ಪಾರ್ಕ್ ಮೂಲೆಯಲ್ಲಿ 1925ರಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ. ಅದರ ಮೇಲೆ ಕಲ್ಲಿನಲ್ಲಿ ಕಡೆದ ದೊಡ್ಡ ತೋಪು. ಒಂದು ಬದಿಯಲ್ಲಿ ಮೇಲಂಗಿ ಹೊದಿಸಿದ ಗೋಲಂದಾಜನ ಶವ. ಆ ಯುದ್ಧದಲ್ಲಿ ಮಡಿದ 49,076 ಮಂದಿ ಬ್ರಿಟಿಷ್ ಗೋಲಂದಾಜರ ನೆನಪಿಗೆ ಅದನ್ನು ಕಟ್ಟಿದ್ದಾರೆ.

ನ್ಯೂವ್ ಶಾಪೆಲ್‌ನಲ್ಲಿಯೂ 1927ರಲ್ಲಿ ತೆರೆದ ಸ್ಮಾರಕವೊಂದಿದೆ. ಸಮಾಧಿಯೇ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅದರ ಗೋಡೆಯ ಮೇಲಿವೆ. ಪರರ ತೋಪುಗಳನ್ನು ನಂಬಿ ನಡೆದವರು ಅವರು. ಆ ಕಾಳಗ ನಡೆದು ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ, 1935ರ ಜನವರಿ 15ರಂದು, ಭಾರತೀಯ ಗೋಲಂದಾಜರ ಮೊದಲನೆಯ ಮೈದಾನ ತೋಪುದಳ ರಚಿತವಾಯಿತು. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.