ಇಂಧನ ಟ್ಯಾಂಕ್ ಸೋರಿಕೆ ಮತ್ತು ಅಂತರ್ಜಲ ತನಿಖೆ

ಪೆಟ್ರೋಲ್ ಬಂಕ್, ಬಸ್ ಡಿಪೊ, ಕಾರ್ಖಾನೆಗಳಲ್ಲಿ ನೆಲದಡಿ ಹೂತಿಟ್ಟ ಟ್ಯಾಂಕ್‌ನಿಂದ ಸೋರಿದ ಇಂಧನ ಅಂತರ್ಜಲಕ್ಕೆ ಸೇರಿದೆಯೇ, ಸೇರಿದ್ದರೆ ಎಲ್ಲಿಯವರೆಗೆ ಹಬ್ಬಿದೆ ಎಂದು ಪತ್ತೆಹಚ್ಚಿ ವರ್ಷಗಟ್ಟಲೆ ನಿಗಾ ಇಡುವ ಕೆಲಸ. ಬಂಕ್ ಮುಚ್ಚಿ ಟ್ಯಾಂಕ್ ಕಿತ್ತ ಮೇಲೂ ಇದು ಮುಗಿಯುವುದಿಲ್ಲ. ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ ಇಂಧನ ಪ್ರತಿ ಮಳೆಗೂ ಸ್ವಲ್ಪಸ್ವಲ್ಪವೇ ಕರಗಿ ಕೆಳಗಿಳಿಯುತ್ತಿರುತ್ತದೆ.

ಈ ಶಾಸ್ತ್ರ ಮುಖ್ಯವಾಗಿ ಬೆಳೆದದ್ದು ಉತ್ತರ ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಹೂತ ಉಕ್ಕಿನ ಟ್ಯಾಂಕ್‌ಗಳು ತುಕ್ಕು ಹಿಡಿದು ತೂತಾಗತೊಡಗಿದವು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಕ್ಯಾನಬ್ ಪಾರ್ಕ್ ಬಡಾವಣೆಯ ಬಾವಿಗಳಿಗೆ ಪೆಟ್ರೋಲ್ ಸೇರಿದ ಸುದ್ದಿ 1983ರಲ್ಲಿ ಟಿವಿಯಲ್ಲಿ ಬಂದು ದೇಶವೇ ಬೆಚ್ಚಿತು. ಮರುವರ್ಷವೇ ಕಾನೂನು ಬಂತು. 1988ರ ನಿಯಮಗಳು ಹಳೆಯ ಟ್ಯಾಂಕ್‌ಗಳನ್ನು ಸುಧಾರಿಸಲು ಇಲ್ಲವೇ ತೆಗೆದುಹಾಕಲು 1998ರ ಡಿಸೆಂಬರ್‌ವರೆಗೆ ಗಡುವು ಕೊಟ್ಟವು. ಅಲ್ಲಿ ಈವರೆಗೆ ಖಚಿತಪಟ್ಟ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು.

ಮಿನೆಸೋಟದ ಬೆಮಿಜಿ ಬಳಿ 1979ರಲ್ಲಿ ಕಚ್ಚಾತೈಲದ ಕೊಳವೆ ಒಡೆಯಿತು. 1983ರಿಂದ ಆ ಜಾಗವೇ ಪ್ರಯೋಗಶಾಲೆಯಾಯಿತು. ಮಣ್ಣಿನ ಸೂಕ್ಷ್ಮಜೀವಿಗಳು ತೈಲವನ್ನು ತಿಂದು ಕರಗಿಸುತ್ತವೆ, ಮಾಲಿನ್ಯ ಒಂದು ದೂರದ ಆಚೆಗೆ ಬೆಳೆಯುವುದು ನಿಧಾನವಾಗುತ್ತದೆ ಎಂಬ ತಿಳಿವಳಿಕೆಗೆ ಅಲ್ಲಿ ಬಲ ಸಿಕ್ಕಿತು. ಕ್ಯಾಲಿಫೋರ್ನಿಯಾದ 1995ರ ಸಮೀಕ್ಷೆಯೂ ಪೆಟ್ರೋಲಿನಲ್ಲಿರುವ ವಿಷವಸ್ತು ಬೆಂಜೀನ್ ಬಹುಪಾಲು ಕಡೆ ಸೋರಿಕೆಯ ಜಾಗದಿಂದ 250 ಅಡಿ ದಾಟಿಲ್ಲ ಎಂದಿತು. ಅಗೆದು ತೆಗೆಯುವ ಬದಲು ನಿಗಾ ಇಟ್ಟು ಕಾಯುವ ವಿಧಾನಕ್ಕೆ ಮಾನ್ಯತೆ ಬಂದದ್ದು ಹೀಗೆ. ಆದರೆ 1996ರಲ್ಲಿ ಸಾಂಟಾ ಮೋನಿಕಾ ನಗರ ತನ್ನ ಕುಡಿಯುವ ನೀರಿನ ಬಾವಿಗಳನ್ನೇ ಮುಚ್ಚಬೇಕಾಯಿತು. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಬೇಗ ಕೊಳೆಯದೆ ನೀರಿನ ಜೊತೆಗೇ ಸಾಗಿತ್ತು.

ಈ ಪಾಠಗಳಲ್ಲಿ ಹೆಚ್ಚಿನವು ಮರಳು, ಜಲ್ಲಿಯ ನೆಲದವು. ಬೆಂಗಳೂರಿಗೆ ಅವನ್ನು ಹಾಗೇ ತರುವಂತಿಲ್ಲ. ಕನಕಪುರ ರಸ್ತೆಯ ತಲಘಟ್ಟಪುರವನ್ನೇ ನೋಡಬಹುದು. ಈ ಊರಿನಲ್ಲಿ ಮೇಲೆ ಮಣ್ಣು, ಅದರಡಿ ಶಿಥಿಲಗೊಂಡ ಕಲ್ಲು, ಅದರ ಕೆಳಗೆ ಪಕ್ಕದ ತುರಹಳ್ಳಿಯಲ್ಲಿ ತಲೆಯೆತ್ತಿ ನಿಂತಿರುವಂಥದೇ ಗಟ್ಟಿ ಬಂಡೆ. ಶಿಥಿಲ ಪದರದಲ್ಲಿ ನೀರು ನಿಧಾನವಾಗಿ ಒಸರುತ್ತದೆ. ಬಂಡೆಯಲ್ಲಿ ಬಿರುಕಿದ್ದಲ್ಲಿ ಮಾತ್ರ ಹರಿಯುತ್ತದೆ. ಮರಳಿನ ನೆಲದಲ್ಲಿ ಮೂರು ಬಾವಿಗಳ ನೀರಿನ ಮಟ್ಟ ಅಳೆದರೆ ಹರಿವಿನ ದಿಕ್ಕು ಸಿಗುತ್ತದೆ. ಇಲ್ಲಿ ಬಿರುಕು ಬೇರೆಯೇ ದಿಕ್ಕಿಗೆ ಒಯ್ಯಬಹುದು, ನೆರೆಯ ಅಪಾರ್ಟ್‌ಮೆಂಟಿನ ಮೋಟಾರು ಇನ್ನೊಂದು ದಿಕ್ಕಿಗೆ ಎಳೆಯಬಹುದು.

ಇನ್ನೂ ದೊಡ್ಡ ತೊಡಕು ಬೋರ್‌ವೆಲ್ಲೇ. ಅದಕ್ಕೆ ಕೇಸಿಂಗ್ ಪೈಪ್ ಹಾಕುವುದು ಗಟ್ಟಿ ಕಲ್ಲು ಸಿಗುವವರೆಗೆ; ಮುಂದೆಲ್ಲ ಬರಿಯ ರಂಧ್ರ. ಕೇಸಿಂಗ್ ಸುತ್ತ ಸರಿಯಾಗಿ ಸಿಮೆಂಟ್ ತುಂಬದಿದ್ದರೆ, ಬತ್ತಿದ ಬೋರನ್ನು ಮುಚ್ಚದೆ ಬಿಟ್ಟರೆ, ಮೇಲ್ಪದರದ ಮಾಲಿನ್ಯಕ್ಕೆ ಅದೇ ಆಳಕ್ಕಿಳಿಯುವ ನೇರ ದಾರಿ. ಬೆಂಗಳೂರಿನದೇ ಪೀಣ್ಯದಲ್ಲಿ ಕೈಗಾರಿಕೆಗಳ ಕ್ರೋಮಿಯಂ ಕೊಳವೆಬಾವಿಗಳ ನೀರಿಗೆ ಸೇರಿದ ಮೇಲೆ ಈ ಬಂಡೆ ನೀರನ್ನು ಕಾಪಾಡುತ್ತದೆಂಬ ಭರವಸೆಗೆ ಅರ್ಥವಿಲ್ಲ.

ಹಾಗಾಗಿ ಪಕ್ಕದ ಮನೆಯ ಸಾವಿರ ಅಡಿ ಬೋರ್‌ನಿಂದ ಒಂದು ಬಾಟಲಿ ನೀರು ತುಂಬಿಕೊಂಡು ಹೋಗುವುದು ತನಿಖೆಯಲ್ಲ. ಅಲ್ಲಿ ಹಲವು ಬಿರುಕುಗಳ ನೀರು ಬೆರೆತಿರುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, ತೇಲುತ್ತದೆ. ಆದ್ದರಿಂದ ಅಂತರ್ಜಲದ ಮೇಲ್ಮಟ್ಟವನ್ನು ದಾಟುವಂತೆ ರಂಧ್ರವಿರುವ ಪೈಪ್ ಇಳಿಸಿದ ಪ್ರತ್ಯೇಕ ವೀಕ್ಷಣಾ ಬಾವಿಗಳು ಬೇಕು. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆಯಾದರೂ ನೋಡಬೇಕು, ಏಕೆಂದರೆ ಮಟ್ಟ ಏರಿಳಿದಂತೆ ಇಂಧನವೂ ಮಣ್ಣಿಗೆ ಮೆತ್ತಿಕೊಳ್ಳುತ್ತ ಹೋಗುತ್ತದೆ. ಬೆಂಜೀನ್ ಗಾಳಿಗೆ ಹಾರಿಹೋಗುವ ವಸ್ತು. ಒಂದು ಗುಳ್ಳೆಯೂ ಉಳಿಯದಂತೆ ಬಾಟಲಿ ತುಂಬಿ ಐಸ್‌ನಲ್ಲಿಟ್ಟು ಒಯ್ಯುತ್ತಾರೆ. ಟ್ಯಾಂಕ್ 2000ಕ್ಕೂ ಹಿಂದಿನದಾದರೆ ಸೀಸವನ್ನೂ ಹುಡುಕಬೇಕು, ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು ಆ ವರ್ಷ.

ಭಾರತದ ಕಾನೂನು ಮೊದಲು ಹೆದರಿದ್ದು ಬೆಂಕಿಗೆ: 1934ರ ಪೆಟ್ರೋಲಿಯಂ ಕಾಯ್ದೆಯ ಒಲವೆಲ್ಲ ಆ ಕಡೆಗೇ. ನೀರಿನ ಮಾತು 1974ರ ಜಲ ಮಾಲಿನ್ಯ ಕಾಯ್ದೆಯಿಂದ ಶುರುವಾಯಿತು. 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಬೋರ್‌ವೆಲ್‌ಗಳಲ್ಲಿ ಇಂಧನ ಬಂತು. ಮೂಲ ಟ್ಯಾಂಕ್ ಅಲ್ಲ, ನೆಲದಡಿಯ ಪೈಪ್‌ಲೈನ್. ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕ್‌ಗಳಿಗೆ ಮಾರ್ಗಸೂಚಿ ಹೊರಡಿಸಿ, ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ಅಂತರ ಇರಬೇಕೆಂದಿತು. 2025ರ ಜುಲೈನಲ್ಲಿ ಪ್ರಕಟವಾದ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳು ತನಿಖೆಯ ಹಂತಗಳನ್ನು ಗೊತ್ತುಪಡಿಸಿ, ಶುದ್ಧೀಕರಣದ ವೆಚ್ಚವನ್ನು ಮಾಲಿನ್ಯಕ್ಕೆ ಕಾರಣರಾದವರ ಮೇಲೆ ಹೊರಿಸಿವೆ.

ಒಂದು ಕೊರತೆ ಹಾಗೇ ಇದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಬೆಂಜೀನ್‌ಗೆ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ ಸೂಚಿಸಿದೆ. ನಮ್ಮ ಐಎಸ್ 10500 ಮಾನದಂಡದ 2012ರ ಪಟ್ಟಿಯಲ್ಲಿ ಖನಿಜ ತೈಲಕ್ಕೆ ಮಿತಿಯುಂಟು, ಬೆಂಜೀನ್ ಹೆಸರೇ ಇಲ್ಲ. ಹಳೆಯ ಬಂಕ್ ಇದ್ದ ಜಾಗದಲ್ಲಿ ಮನೆ ಕೊಳ್ಳುವವರು ಬೋರ್ ನೀರಿನ ಮಾಮೂಲಿ ವರದಿ ನೋಡಿ ಸುಮ್ಮನಾಗಬಾರದು. ಬೆಂಜೀನ್ ಎಂದು ಹೆಸರು ಹೇಳಿಯೇ ಪರೀಕ್ಷೆ ಕೇಳಬೇಕು.