ಅಂಡಮಾನ್‌ನಲ್ಲಿ ಸ್ಕೂಬಾ ಡೈವಿಂಗ್: ತಂಗುವ ಸ್ಥಳದ ಆಯ್ಕೆ

ಅಂಡಮಾನ್‌ನಲ್ಲಿ ಸ್ಕೂಬಾ ಡೈವಿಂಗ್ ಕೈಗೊಳ್ಳಲಿಚ್ಛಿಸುವವರು ಸಾಮಾನ್ಯವಾಗಿ ಶ್ರೀ ವಿಜಯಪುರಂ (2024ರವರೆಗೆ ಪೋರ್ಟ್ ಬ್ಲೇರ್), ಸ್ವರಾಜ್ ದ್ವೀಪ (2018ರವರೆಗೆ ಹ್ಯಾವ್‌ಲಾಕ್) ಅಥವಾ ಶಹೀದ್ ದ್ವೀಪದಲ್ಲಿ (ಹಿಂದಿನ ನೀಲ್) ತಂಗುತ್ತಾರೆ.

ಸಮಯಾಭಾವವುಳ್ಳವರಿಗೆ ಶ್ರೀ ವಿಜಯಪುರಂ ಅನುಕೂಲಕರ. ನಾರ್ತ್ ಬೇ ದೋಣಿಯಾನಕ್ಕೆ ಸಮೀಪದಲ್ಲಿದೆ. ಆದರೆ ಅಲ್ಲಿಂದ ಸ್ವರಾಜ್ ದ್ವೀಪಕ್ಕೆ ಹೋಗಿ ಡೈವಿಂಗ್ ಮುಗಿಸಿ ಅಂದೇ ಮರಳುವುದು ಸೂಕ್ತವಲ್ಲ. ವೇಗದ ಖಾಸಗಿ ಹಡಗಿಗೂ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಸರ್ಕಾರಿ ಹಡಗಿಗೆ ಇನ್ನೂ ಹೆಚ್ಚು. ಡೈವಿಂಗ್ ದೋಣಿಗಳು ಬೆಳಿಗ್ಗೆಯೇ ಹೊರಡುವುದರಿಂದ ಹಿಂದಿನ ರಾತ್ರಿ ಅಲ್ಲಿಯೇ ತಂಗತಕ್ಕದ್ದು. ಆ ದ್ವೀಪದ ನೆಮೋ ರೀಫ್ ಹೊಸಬರಿಗೆ ಯೋಗ್ಯ. ಡಿಕ್ಸನ್ಸ್ ಪಿನಕಲ್ ಆಳವಾದುದರಿಂದ ತರಬೇತಿ ಪಡೆದ ಅನುಭವಿಗಳಿಗೆ ಮಾತ್ರ. ಶಹೀದ್ ದ್ವೀಪದಲ್ಲಿ ಆಯ್ಕೆಯೂ ಜನಸಂದಣಿಯೂ ಕಡಿಮೆ.

ವಿಶೇಷ ಸೂಚನೆ: ಮರಳುವ ವಿಮಾನದ ದಿನ ಡೈವಿಂಗ್ ಇಟ್ಟುಕೊಳ್ಳಬಾರದು. ಡೈವಿಂಗ್ ಬಳಿಕ ದೇಹದಲ್ಲಿ ಉಳಿದ ಸಾರಜನಕವು ವಿಮಾನದೊಳಗಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಕೀಲುನೋವು, ಪಾರ್ಶ್ವವಾಯುವಿಗೂ ಕಾರಣವಾಗಬಹುದು. ಒಂದು ಬಾರಿ ಇಳಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಇಳಿದವರು ಕನಿಷ್ಠ 18 ಗಂಟೆ ಕಾಯತಕ್ಕದ್ದು. ಹಡಗು ರದ್ದಾಗುವ ಸಂಭವವಿರುವ ಮಳೆಗಾಲದಲ್ಲಿ ಇನ್ನೊಂದು ದಿನ ಕಾದಿರಿಸುವುದು ಲೇಸು.

ಆರೋಗ್ಯ ಘೋಷಣಾ ಪತ್ರದಲ್ಲಿ ಅಸ್ತಮಾ, ಹೃದ್ರೋಗಗಳನ್ನು ಮರೆಮಾಚದೆ ನಮೂದಿಸತಕ್ಕದ್ದು. ಅಂತಹವರು ಹೊರಡುವ ಮುನ್ನವೇ ವೈದ್ಯರ ಪ್ರಮಾಣಪತ್ರ ಪಡೆದಿರತಕ್ಕದ್ದು.